ಅಭ್ಯಾಸದಲ್ಲಿ ತಪ್ಪದ ‘ಖೊ’ ಪಂದ್ಯದಲ್ಲಿ ಏಕೆ ತಪ್ಪುತ್ತದೆ? ಕಲಿಸುವ ಕ್ರಮದ ಬಗ್ಗೆ ಸಲಹೆ ಬೇಕು

ಕೊರಟಗೆರೆ ದೈಹಿಕ ಶಿಕ್ಷಕ | ಸೋಮವಾರ, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಕೊರಟಗೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನಾನು ಎರಡು ವರ್ಷಗಳಿಂದ ಹೆಣ್ಣುಮಕ್ಕಳ ಖೊಖೊ ತಂಡವೊಂದನ್ನು ಕಟ್ಟುತ್ತಿದ್ದೇನೆ. ತಂಡದಲ್ಲಿರುವವರೆಲ್ಲ ಎಂಟು, ಒಂಬತ್ತನೆಯ ತರಗತಿಯವರು. ಬೆಳಿಗ್ಗೆ ಏಳೂವರೆಗೆ ಮೈದಾನದಲ್ಲಿರುತ್ತಾರೆ. ಕೆಲವರಂತೂ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬರುತ್ತಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಎಳ್ಳಷ್ಟೂ ದೂರಿಲ್ಲ.

ನನ್ನ ಚಿಂತೆ ನಾನು ಕಲಿಸುತ್ತಿರುವ ರೀತಿಯದು. ದಿನವೂ ಅಭ್ಯಾಸದ ಮೊದಲ ಅರ್ಧ ಗಂಟೆ ಎಂಟು ಜನರನ್ನು ಚೌಕಗಳಲ್ಲಿ ಕೂರಿಸಿ, ಒಂದನೆಯವಳಿಂದ ಎಂಟನೆಯವಳವರೆಗೆ ಸಾಲಾಗಿ ಖೊ ಕೊಡಿಸುತ್ತೇನೆ. ಈ ಕ್ರಮದಲ್ಲಿ ಅವರು ಎಷ್ಟು ಪಳಗಿದ್ದಾರೆಂದರೆ, ನೋಡಿದವರು ಮೆಚ್ಚುವಷ್ಟು ಚೊಕ್ಕವಾಗಿ, ಕೈ ತಾಗುವುದು, ಕೂಗುವುದು, ಏಳುವುದು, ಕೂರುವುದು ಎಲ್ಲವೂ ಒಂದೇ ಲಯದಲ್ಲಿ ನಡೆಯುತ್ತದೆ. ಆದರೆ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಅದೇ ಮಕ್ಕಳು ಬೇರೆ ಯಾರೋ ಎಂಬಂತೆ ಆಡಿದರು. ಕೈ ತಾಗುವ ಮೊದಲೇ ‘ಖೊ’ ಎಂದರು. ಕುಳಿತವರು ಸದ್ದು ಕೇಳಿದ್ದೇ ತಡ ಎದ್ದುಬಿಟ್ಟರು. ಎದ್ದವರು ಓಟಗಾರ್ತಿ ಎಲ್ಲಿದ್ದಾಳೆಂದು ನೋಡದೆ, ನಮ್ಮ ಅಭ್ಯಾಸದಲ್ಲಿ ಓಡುವ ದಿಕ್ಕಿಗೇ ಭುಜ ತಿರುಗಿಸಿದರು. ಒಮ್ಮೆ ತಿರುಗಿದ ಮೇಲೆ ಕಂಬ ಮುಟ್ಟುವವರೆಗೆ ಹಿಂದಿರುಗುವಂತಿಲ್ಲವಾದ್ದರಿಂದ ಎದುರಾಳಿ ತಂಡದ ಮೂವರೂ ನಿರಾಯಾಸವಾಗಿ ಪಾಳಿ ಮುಗಿಸಿದರು.

ನಾನು ಗೆರೆಯ ಹೊರಗಿನಿಂದ ಗಂಟಲು ಕಟ್ಟುವವರೆಗೆ ಕೂಗಿದೆ. ಕೂಗಿದಷ್ಟೂ ತಪ್ಪು ಹೆಚ್ಚಾಯಿತು. ಅಭ್ಯಾಸ ಸಾಲದೆ ಹೀಗಾಯಿತೇ, ಅಥವಾ ಅಭ್ಯಾಸದ ಬಗೆಯೇ ತಪ್ಪೇ ಎಂಬುದು ನನಗೆ ತಿಳಿಯುತ್ತಿಲ್ಲ. ಅನುಭವಿಗಳು ದಯವಿಟ್ಟು ತಿಳಿಸಿ.

ತಿಪಟೂರು ವಾಲಿಬಾಲ್ | ಸೋಮವಾರ, ರಾತ್ರಿ 10.05

ಸರ್, ನಿಮ್ಮ ಬರಹದಲ್ಲಿಯೇ ಉತ್ತರದ ಅರ್ಧ ಭಾಗ ಇದೆ. ಸಾಲಾಗಿ ಖೊ ಕೊಡುವಾಗ ಮಗು ಎರಡು ಕೆಲಸಗಳನ್ನು ಮಾಡುವುದೇ ಇಲ್ಲ: ಓಟಗಾರ್ತಿಯನ್ನು ನೋಡುವುದಿಲ್ಲ, ಯಾರಿಗೆ ಖೊ ಕೊಡಬೇಕೆಂದು ತೀರ್ಮಾನಿಸುವುದಿಲ್ಲ. ಮುಂದಿನವಳು ಯಾರೆಂಬುದು ಮೊದಲೇ ಗೊತ್ತಿರುವಾಗ ಕಣ್ಣಿಗೂ ಬುದ್ಧಿಗೂ ಕೆಲಸವೇ ಇಲ್ಲ. ಪಂದ್ಯದಲ್ಲಿ ಮೊದಲು ಬೇಕಾಗುವುದು ಆ ಎರಡೇ.

ನಾನೂ ಹತ್ತು ವರ್ಷ ಇದೇ ತಪ್ಪು ಮಾಡಿದವನು. ನಮ್ಮ ಹುಡುಗರನ್ನು ಗೋಡೆಯ ಮುಂದೆ ನಿಲ್ಲಿಸಿ ಐವತ್ತು ಅಂಡರ್‌ಹ್ಯಾಂಡ್ ಪಾಸ್, ಆಮೇಲೆ ಐವತ್ತು ಲಿಫ್ಟ್, ಆಮೇಲೆ ಐವತ್ತು ಸರ್ವ್ ಮಾಡಿಸುತ್ತಿದ್ದೆ. ಗುರುವಾರ ಸಂಜೆ ನೋಡಿದರೆ ಎಲ್ಲರೂ ನಿಪುಣರು. ಭಾನುವಾರದ ಪಂದ್ಯದಲ್ಲಿ ಚೆಂಡು ಎತ್ತೆತ್ತಲೋ ಹೋಗುತ್ತಿತ್ತು. ಇದರ ಬಗ್ಗೆ ಓದತೊಡಗಿದಾಗ 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಮಾಡಿದ ಪ್ರಯೋಗ ಸಿಕ್ಕಿತು. ಕೈಯಲ್ಲಿ ಟೆನಿಸ್ ಚೆಂಡು ಹಿಡಿದು, ಮರದ ಸಣ್ಣ ತಡೆಗಳನ್ನು ಹೇಳಿದ ಕ್ರಮದಲ್ಲಿ ಬೇಗ ಬೇಗ ಉರುಳಿಸುವ ಮೂರು ಬಗೆಯ ಚಲನೆಗಳನ್ನು ಅವರು ಕಲಿಸಿದರು. ಒಂದು ಗುಂಪು ಒಂದು ಬಗೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಕಲಸುಮೇಲೋಗರವಾಗಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಚುರುಕಾಗಿತ್ತು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಎರಡನೆಯ ಗುಂಪು ಮುಂದಿತ್ತು. 1986ರಲ್ಲಿ ಗೂಡ್ ಮತ್ತು ಮ್ಯಾಗಿಲ್ ಇದನ್ನೇ ಬ್ಯಾಡ್ಮಿಂಟನ್‌ನ ಮೂರು ಬಗೆಯ ಸರ್ವ್‌ಗಳ ಮೇಲೆ, ಹೊಸದಾಗಿ ಕಲಿಯುವ ಯುವತಿಯರ ಜೊತೆ ಮಾಡಿ ನೋಡಿದಾಗಲೂ ಬೆರೆಸಿ ಕಲಿತವರಿಗೇ ಹೆಚ್ಚು ಉಳಿಯಿತು.

ನನಗೆ ಇದರಿಂದ ತಿಳಿದದ್ದಿಷ್ಟು. ಅಭ್ಯಾಸದ ದಿನ ಚೆನ್ನಾಗಿ ಮಾಡಿದ್ದನ್ನು ಕಲಿಕೆ ಎಂದು ನಂಬಬಾರದು. ವಾರ ಬಿಟ್ಟು, ಹೇಳಿಕೊಡದೆ, ಹೊಸ ಸನ್ನಿವೇಶದಲ್ಲಿ ಮಾಡಿದಾಗ ಉಳಿದಿರುವುದನ್ನು ಮಾತ್ರ ಕಲಿಕೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೋಲಾರದ ನಿವೃತ್ತ ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 6.10

ಮೂವತ್ತನಾಲ್ಕು ವರ್ಷ ಮೈದಾನದಲ್ಲಿ ನಿಂತವನಾಗಿ ಇದಕ್ಕೆ ನನ್ನ ತಕರಾರು ಇದೆ. ತಪ್ಪು ತಿಳಿಯಬೇಡಿ. ಅಕ್ಷರ ತಿದ್ದದೆ ವಾಕ್ಯ ಬರೆಯಲಾಗುವುದಿಲ್ಲ. ಕುಳಿತ ಭಂಗಿ ಸರಿಯಿಲ್ಲದ ಮಗುವನ್ನು ನೇರವಾಗಿ ಆಟಕ್ಕೆ ಬಿಟ್ಟರೆ ಅದು ತಪ್ಪು ಭಂಗಿಯನ್ನೇ ಗಟ್ಟಿ ಮಾಡಿಕೊಳ್ಳುತ್ತದೆ, ಆಮೇಲೆ ಬಿಡಿಸುವುದು ಬಹಳ ಕಷ್ಟ. ಖೊಖೊದಲ್ಲಿ ಕೂರುವ ಬಗೆ ಎರಡು: ಎರಡೂ ಪಾದ ಸಮವಾಗಿಟ್ಟು ಕೂರುವುದು ಒಂದು, ಓಟದ ಸ್ಪರ್ಧೆಯ ಆರಂಭದಲ್ಲಿ ಕೂರುವಂತೆ ಒಂದು ಪಾದವನ್ನು ಹಿಂದೆ ಊರಿ ಕೂರುವ ‘ಬುಲೆಟ್ ಟೋ’ ಇನ್ನೊಂದು. ಯಾವ ಮಗುವಿಗೆ ಯಾವುದು ಒಗ್ಗುತ್ತದೆಂದು ನೋಡಿ, ದಿನವೂ ನೂರು ಸಲ ಎದ್ದು ಕೂರಿಸಿ ತಯಾರು ಮಾಡಿದ ಹುಡುಗಿಯರು ರಾಜ್ಯ ಮಟ್ಟದವರೆಗೆ ಹೋಗಿದ್ದಾರೆ. ಆಗ ನಮಗೆ ಯಾವ ಪ್ರಯೋಗದ ವಿಷಯವೂ ಗೊತ್ತಿರಲಿಲ್ಲ.

ಮೊದಲು ಒಂದನ್ನು ಸರಿಯಾಗಿ ಕಲಿಸಿ, ಆಮೇಲೆ ಬೆರೆಸಿ. ಕ್ರಮ ಬಿಟ್ಟರೆ ಕೆಟ್ಟಿತು.

ತುಮಕೂರು ಬಿ.ಪಿ.ಇಡಿ. ವಿದ್ಯಾರ್ಥಿನಿ | ಮಂಗಳವಾರ, ಸಂಜೆ 7.40

ನಾನು ಪ್ರೌಢಶಾಲೆಯಿಂದ ಪದವಿಯವರೆಗೆ ಖೊಖೊ ಆಡಿದವಳು, ಈಗ ಕಲಿಸುವುದನ್ನು ಕಲಿಯುತ್ತಿದ್ದೇನೆ. ಗುರುಗಳ ಮಾತನ್ನೂ ವಾಲಿಬಾಲ್ ಸರ್ ಅವರ ಮಾತನ್ನೂ ಓದಿದ ಮೇಲೆ ಇಬ್ಬರೂ ಒಂದೇ ಮಗುವಿನ ಬೇರೆ ಬೇರೆ ವಯಸ್ಸಿನ ಬಗ್ಗೆ ಹೇಳುತ್ತಿದ್ದೀರಿ ಎಂದು ನನಗೆ ಅನ್ನಿಸಿತು.

ಫಿಟ್ಸ್ ಮತ್ತು ಪೋಸ್ನರ್ ಎಂಬವರು 1967ರಲ್ಲಿ ಕೌಶಲ ಕಲಿಕೆಯನ್ನು ಮೂರು ಹಂತಗಳಾಗಿ ವಿವರಿಸಿದ್ದನ್ನು ನಮ್ಮ ಪಠ್ಯದಲ್ಲಿ ಓದುತ್ತೇವೆ. ಮೊದಲನೆಯದರಲ್ಲಿ ಕಲಿಯುವವಳು ‘ಏನು ಮಾಡಬೇಕು’ ಎಂದು ಯೋಚಿಸುತ್ತಲೇ ಮಾಡುತ್ತಾಳೆ. ಆಗ ಮಾತು, ಮಾದರಿ, ಅದೇ ಕೆಲಸದ ಪುನರಾವರ್ತನೆ ಎಲ್ಲವೂ ಬೇಕು. ಎರಡನೆಯದರಲ್ಲಿ ತಪ್ಪುಗಳು ಕಡಿಮೆಯಾಗಿ, ತನ್ನ ತಪ್ಪು ತನಗೇ ಕಾಣತೊಡಗುತ್ತದೆ. ಮೂರನೆಯದರಲ್ಲಿ ದೇಹ ತಾನಾಗಿ ಮಾಡುತ್ತದೆ, ಮನಸ್ಸು ಎದುರಾಳಿಯನ್ನು ನೋಡಲು ಬಿಡುವಾಗುತ್ತದೆ. ಗುರುಗಳು ಮೊದಲ ಹಂತದ ಮಕ್ಕಳಿಗೆ ಹೇಳುತ್ತಿರುವುದು ಸರಿ. ಬೆರೆಸಿ ಕಲಿಸುವುದರ ಲಾಭ ಪ್ರಯೋಗಾಲಯದಲ್ಲಿ ಕಂಡಷ್ಟು ಸ್ಪಷ್ಟವಾಗಿ ಮೈದಾನದಲ್ಲಿ, ಅದರಲ್ಲೂ ಚಿಕ್ಕ ಮಕ್ಕಳಲ್ಲಿ, ಯಾವಾಗಲೂ ಕಾಣುವುದಿಲ್ಲ ಎಂಬುದನ್ನೂ ನಮ್ಮ ಮೇಡಂ ತರಗತಿಯಲ್ಲಿ ಒತ್ತಿ ಹೇಳಿದ್ದಾರೆ. ಆದರೆ ಕೊರಟಗೆರೆ ಸರ್ ಅವರ ಮಕ್ಕಳು ಎರಡು ವರ್ಷದಿಂದ ಆಡುತ್ತಿರುವವರು. ಅವರಿಗೆ ಇನ್ನೂ ಒಂದರಿಂದ ಎಂಟರ ಸಾಲನ್ನೇ ಮಾಡಿಸುವುದೆಂದರೆ ಓದಲು ಬರುವ ಮಗುವಿಗೆ ಮತ್ತೆ ವರ್ಣಮಾಲೆ ಒಪ್ಪಿಸು ಎಂದಂತೆ.

ನನ್ನ ಅನುಭವದ ಒಂದು ಸಂಗತಿ ಹೇಳುತ್ತೇನೆ. ನಾನು ಮೂರನೆಯ ಚೌಕದಲ್ಲಿ ಕೂರುತ್ತಿದ್ದೆ. ಸಾಲಿನ ಅಭ್ಯಾಸದಲ್ಲಿ ಎರಡನೆಯವಳ ಉಸಿರು ಹಿಂದಿನಿಂದ ಕೇಳಿಸಿದ ಕೂಡಲೇ ನನ್ನ ಹಿಮ್ಮಡಿ ಮೇಲೇಳುತ್ತಿತ್ತು. ಬೆನ್ನಿಗೆ ಕೈ ತಾಗುವುದನ್ನು ನಾನು ಕಾಯುತ್ತಲೇ ಇರಲಿಲ್ಲ, ಏಕೆಂದರೆ ಅದು ಬಂದೇ ಬರುತ್ತದೆಂದು ಗೊತ್ತಿತ್ತು. ಪಂದ್ಯದಲ್ಲಿ ಅದೇ ಸದ್ದು ಕೇಳಿ ಎದ್ದೆ. ಅವಳು ನನ್ನನ್ನು ದಾಟಿ ಐದನೆಯವಳಿಗೆ ಖೊ ಕೊಡಲು ಹೋಗುತ್ತಿದ್ದಳು. ಫೌಲ್ ಆಯಿತು. ತಪ್ಪನ್ನು ನಾನು ಅಭ್ಯಾಸದಲ್ಲಿಯೇ ಕಲಿತಿದ್ದೆ, ಅದನ್ನು ಯಾರೂ ಗಮನಿಸಿರಲಿಲ್ಲ, ಏಕೆಂದರೆ ಅಭ್ಯಾಸದಲ್ಲಿ ಅದು ತಪ್ಪಾಗಿ ಕಾಣುವುದೇ ಇಲ್ಲ.

ಮುಂದೆ ನಮಗೆ ಕಲಿಸಲು ಬಂದ ಮೇಡಂ ಮಾಡಿದ ಬದಲಾವಣೆ ಸರಳವಾಗಿತ್ತು. ಇಡೀ ಅಂಕಣವನ್ನು ಬಿಟ್ಟು, ನಾಲ್ಕೇ ಚೌಕಗಳಲ್ಲಿ ನಾಲ್ಕು ಜನರನ್ನು ಕೂರಿಸಿ, ಒಬ್ಬಳು ಓಟಗಾರ್ತಿಯನ್ನು ಬಿಟ್ಟು, ಅರ್ಧ ನಿಮಿಷದ ಆಟ ಆಡಿಸಿದರು. ಓಟಗಾರ್ತಿ ಕುಳಿತವರನ್ನು ಒಬ್ಬೊಬ್ಬರನ್ನಾಗಿ ಬಳಸಿಕೊಂಡು ಸಿಂಗಲ್ ಚೈನ್ ಓಡಬಹುದು, ಇದ್ದಕ್ಕಿದ್ದಂತೆ ಇಬ್ಬಿಬ್ಬರನ್ನು ಬಳಸುವ ಡಬಲ್‌ಗೆ ಬದಲಿಸಬಹುದು, ಎರಡು ಚೌಕ ಓಡಿ ತಟ್ಟನೆ ಹಿಂದಿರುಗಬಹುದು. ಅಕ್ಕಪಕ್ಕದವರು ಎದುರುಬದುರು ದಿಕ್ಕಿಗೆ ಮುಖ ಮಾಡಿ ಕುಳಿತಿರುವುದರಿಂದ, ಓಟಗಾರ್ತಿ ನಡುಪಟ್ಟಿ ದಾಟಿದ ಕ್ಷಣದಲ್ಲಿ ಯಾರ ಬೆನ್ನು ನನಗೆ ಸಿಗುತ್ತದೆ, ಯಾರು ಎದ್ದರೆ ಅವಳ ಎದುರಿಗೆ ಬರುತ್ತಾರೆ ಎಂಬುದನ್ನು ಬೆನ್ನಟ್ಟುವವಳು ಓಡುತ್ತಲೇ ನಿರ್ಧರಿಸಬೇಕು. ಮೊದಲ ವಾರ ನಮ್ಮ ಆಟ ನೋಡಲಾಗದಷ್ಟು ಕೆಟ್ಟಿತು. ಮೇಡಂ ತಾಳ್ಮೆ ಕಳೆದುಕೊಳ್ಳಲಿಲ್ಲ. ಅರ್ಧ ನಿಮಿಷ ಮುಗಿದ ಮೇಲೆ ‘ಅವಳು ತಿರುಗುವ ಮೊದಲು ನಿನಗೆ ಏನು ಕಾಣಿಸಿತು?’ ಎಂದು ಒಂದೇ ಪ್ರಶ್ನೆ ಕೇಳುತ್ತಿದ್ದರು. ಓಟಗಾರ್ತಿಯ ಭುಜ ಮೊದಲು ಬಾಗುತ್ತದೆ, ಆಮೇಲೆ ಕಾಲು ಬದಲಾಗುತ್ತದೆ ಎಂಬುದನ್ನು ನಮ್ಮಲ್ಲೇ ಒಬ್ಬಳು ಕಂಡುಹಿಡಿದಳು. ಹೇಳಿಕೊಟ್ಟಿದ್ದರೆ ಅಷ್ಟು ನೆನಪಿರುತ್ತಿರಲಿಲ್ಲ.

ಆಟವನ್ನು ಚಿಕ್ಕದು ಮಾಡಿ, ಆಟದೊಳಗಿನ ಸಮಸ್ಯೆಯಿಂದಲೇ ಕೌಶಲಕ್ಕೆ ಬರುವ ಈ ಕ್ರಮವನ್ನು 1982ರಲ್ಲಿ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಬಂಕರ್ ಮತ್ತು ಥೋರ್ಪ್ ವಿವರವಾಗಿ ಬರೆದರು. ಶಾಲೆಗಳಲ್ಲಿ ಕೌಶಲ ಕಲಿಸಿ ಕಲಿಸಿ, ಆಡುವುದಕ್ಕೆ ಹೊತ್ತೇ ಉಳಿಯದಿರುವುದನ್ನು ಕಂಡು ಅವರು ಈ ದಾರಿ ಹಿಡಿದರು. ಅವರು ಕೌಶಲವನ್ನು ಕೈಬಿಡಲಿಲ್ಲ; ಅದು ಏಕೆ ಬೇಕೆಂದು ಮಗುವಿಗೆ ಅನ್ನಿಸಿದ ಮೇಲೆ ಕಲಿಸಿರಿ ಎಂದರು.

ಕೊರಟಗೆರೆ ದೈಹಿಕ ಶಿಕ್ಷಕ | ಮಂಗಳವಾರ, ರಾತ್ರಿ 9.00

ಮೂವರಿಗೂ ವಂದನೆಗಳು. ಮೂರನೆಯ ಚೌಕದ ಸಂಗತಿ ಓದಿ, ಮೊಬೈಲಿನಲ್ಲಿ ತೆಗೆದಿಟ್ಟಿದ್ದ ನಮ್ಮ ಅಭ್ಯಾಸದ ವಿಡಿಯೊವನ್ನು ನಿಧಾನಗತಿಯಲ್ಲಿ ನೋಡಿದೆ. ಎಂಟರಲ್ಲಿ ಆರು ಜನ ಕೈ ತಾಗುವ ಮೊದಲೇ ಹಿಮ್ಮಡಿ ಎತ್ತುತ್ತಿದ್ದಾರೆ. ಎರಡು ವರ್ಷ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ ಎಂಬುದು ನೋವಿನ ಸಂಗತಿ.

ಇನ್ನೊಂದು ಸಂದೇಹವಿದೆ. ಅಭ್ಯಾಸದಲ್ಲಿ ನಾನು ಪ್ರತಿ ಸಲವೂ ತಿದ್ದುತ್ತೇನೆ: ‘ಮೊಣಕಾಲು ಬಾಗಿಸು’, ‘ಬೆನ್ನು ನೇರ’, ‘ಕೈ ಚಾಚು’, ‘ತಲೆ ಎತ್ತು’. ಹಾಗಾದರೆ ಸುಮ್ಮನೆ ನಿಂತು ನೋಡಬೇಕೇ? ತಿದ್ದದ ತರಬೇತುದಾರ ಇದ್ದೂ ಇಲ್ಲದಂತೆ ಅಲ್ಲವೇ?

ತಿಪಟೂರು ವಾಲಿಬಾಲ್ | ಮಂಗಳವಾರ, ರಾತ್ರಿ 10.30

ಸುಮ್ಮನಿರುವುದು ಬೇಡ ಸರ್, ಮಾತನ್ನು ಅಳೆದು ತೂಗಿ ಕೊಡುವುದು ಬೇಕು. ಪ್ರತಿ ಪ್ರಯತ್ನದ ಬೆನ್ನಿಗೇ ಸರಿ-ತಪ್ಪು ಹೇಳುತ್ತಾ ಹೋದರೆ ಮಗು ತನ್ನ ದೇಹದ ಸುದ್ದಿಯನ್ನು ಕೇಳುವುದನ್ನು ಬಿಟ್ಟು ನಮ್ಮ ಬಾಯಿಯನ್ನು ಕೇಳತೊಡಗುತ್ತದೆ. ಪಂದ್ಯದ ದಿನ ನಮ್ಮ ಬಾಯಿ ಅಲ್ಲಿರುವುದಿಲ್ಲ. ವಿನ್‌ಸ್ಟೀನ್ ಮತ್ತು ಶ್ಮಿಟ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಸಲವೂ ಫಲಿತಾಂಶ ಕೇಳಿದವರಿಗಿಂತ ಅರ್ಧದಷ್ಟು ಸಲ ಮಾತ್ರ, ಅದೂ ಮೊದಮೊದಲು ಹೆಚ್ಚಾಗಿ, ಬರಬರುತ್ತಾ ಕಡಿಮೆಯಾಗಿ ಕೇಳಿದವರು ಮರುದಿನದ ಪರೀಕ್ಷೆಯಲ್ಲಿ ಉತ್ತಮವಾಗಿ ಮಾಡಿದರು. ನಾನು ಈಗ ಐದು ಪಾಸ್ ಆಗುವವರೆಗೆ ಬಾಯಿ ಬಿಡುವುದಿಲ್ಲ. ಐದರ ನಂತರ ಮೊದಲು ಹುಡುಗನನ್ನೇ ಕೇಳುತ್ತೇನೆ, ಆಮೇಲೆ ಒಂದೇ ಒಂದು ವಿಷಯ ಹೇಳುತ್ತೇನೆ.

ಯಾವ ವಿಷಯ ಹೇಳುತ್ತೇವೆ ಎಂಬುದೂ ಮುಖ್ಯ. ನೀವು ಬರೆದ ನಾಲ್ಕೂ ಸೂಚನೆಗಳು ದೇಹದ ಭಾಗಗಳ ಬಗ್ಗೆ ಇವೆ. ಗ್ಯಾಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಸ್ಕೀ ಅಭ್ಯಾಸದ ಯಂತ್ರದ ಮೇಲೆ ನಡೆಸಿದ ಪ್ರಯೋಗದಲ್ಲಿ, ತಮ್ಮ ಪಾದದ ಮೇಲೆ ಗಮನವಿಟ್ಟವರಿಗಿಂತ ಪಾದದ ಕೆಳಗಿನ ಚಕ್ರಗಳ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರು. ಅಂತರ ಕೆಲವೇ ಅಂಗುಲ, ಆದರೂ ಫಲ ಬೇರೆ. ನಾನು ‘ಮೊಣಕೈ ಮಡಿಸಬೇಡ’ ಎನ್ನುವುದನ್ನು ಬಿಟ್ಟು, ‘ಚೆಂಡು ಎತ್ತಿಕೊಡುವ ಲಿಫ್ಟರ್ ತಲೆಯ ಮೇಲೆ ಒಂದು ಕಿಟಕಿ ಇದೆ, ಚೆಂಡು ಅದರೊಳಗೆ ಹೋಗಲಿ’ ಎನ್ನತೊಡಗಿದ ಮೇಲೆ ಮೊಣಕೈ ತಾನಾಗಿ ನೇರವಾಯಿತು. ನಿಮ್ಮ ಮಕ್ಕಳಿಗೆ ‘ಕೈ ಚಾಚು’ ಎನ್ನುವ ಬದಲು ‘ಬೆನ್ನಿನ ನಡುವೆ ಅಂಗೈ ಅಚ್ಚು ಮೂಡಲಿ’ ಎಂದು ಹೇಳಿ ನೋಡಿ. ಕೈ ತಾಗಿದ ಮೇಲೆಯೇ ಬಾಯಿ ಬರುತ್ತದೆ.

ಮಾದರಿ ತೋರಿಸುವುದರ ಬಗ್ಗೆಯೂ ಒಂದು ಮಾತು. ಅಮೆರಿಕದ ಜಾನ್ ವುಡನ್ ತಮ್ಮ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹತ್ತು ಸಲ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆಲ್ಲಿಸಿದ ತರಬೇತುದಾರರು. ಥಾರ್ಪ್ ಮತ್ತು ಗ್ಯಾಲಿಮೋರ್ ಎಂಬ ಇಬ್ಬರು ಅವರ ಅಭ್ಯಾಸಗಳಲ್ಲಿ ಕುಳಿತು, ಅವರು ಕಲಿಸಲು ಆಡಿದ, ಮಾಡಿದ ಒಂದೊಂದನ್ನೂ ಬರೆದುಕೊಂಡು 1976ರಲ್ಲಿ ಪ್ರಕಟಿಸಿದರು. ಒಟ್ಟು 2,326. ಅದರಲ್ಲಿ ಹೊಗಳಿಕೆ ನೂರಕ್ಕೆ ಏಳರಷ್ಟೂ ಇರಲಿಲ್ಲ, ಬೈಗುಳವೂ ಹೆಚ್ಚುಕಡಿಮೆ ಅಷ್ಟೇ. ಹೆಚ್ಚಿನದೆಲ್ಲ ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಚುಟುಕು ಮಾಹಿತಿ. ತಪ್ಪು ಕಂಡಾಗ ಸರಿಯಾದುದನ್ನು ಮಾಡಿ ತೋರಿಸಿ, ಆಟಗಾರ ಮಾಡಿದ್ದನ್ನು ಅಣಕಿಸದೆ ಮಾಡಿ ತೋರಿಸಿ, ಮತ್ತೆ ಸರಿಯಾದುದನ್ನು ತೋರಿಸುತ್ತಿದ್ದರು. ಇದಕ್ಕೆ ಮೂರು ಕ್ಷಣಕ್ಕಿಂತ ಹೆಚ್ಚು ಹಿಡಿಯುತ್ತಿದ್ದುದು ಅಪರೂಪ. ನಮ್ಮಲ್ಲಿ ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ ಭಾಷಣ ಮಾಡುವ ರೂಢಿ ಇದೆ. ಅದನ್ನು ಮೊದಲು ಬಿಡಬೇಕು.

ಶಿರಾದ ಒಬ್ಬ ತಾಯಿ | ಬುಧವಾರ, ಮಧ್ಯಾಹ್ನ 2.15

ನಾನು ಕ್ರೀಡಾಪಟುವಲ್ಲ, ತಾಯಿಯಾಗಿ ಬರೆಯುತ್ತಿದ್ದೇನೆ. ನನ್ನ ಮಗಳು ಒಂದು ಶಾಲೆಯ ಕಬಡ್ಡಿ ತಂಡದಲ್ಲಿದ್ದಳು. ಹದಿಮೂರನೆಯ ವರ್ಷದಲ್ಲಿ ಒಮ್ಮೆಲೇ ಉದ್ದ ಬೆಳೆದಳು. ಆಗ ಮೊದಲಿನಂತೆ ಕಾಲು ಹಿಡಿಯಲು, ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಒಂದು ದಿನ ಎಲ್ಲರ ಮುಂದೆ ಅವಳ ಮೈಕಟ್ಟಿನ ಬಗ್ಗೆ ಒಂದು ಮಾತು ಬಂದಿತು. ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಮನೆಗೆ ಬಂದವಳು ಬೂಟುಗಳನ್ನು ಒಂದು ಚೀಲಕ್ಕೆ ಹಾಕಿ ಅಟ್ಟದ ಮೇಲಿಟ್ಟಳು. ಒಂದೂವರೆ ವರ್ಷವಾಯಿತು, ಚೀಲ ಅಲ್ಲಿಯೇ ಇದೆ.

ನೀವೆಲ್ಲ ಇಷ್ಟು ಯೋಚಿಸಿ ಕಲಿಸುವುದನ್ನು ಓದಿ ಸಂತೋಷವಾಯಿತು. ಕಲಿಸುವ ಪದ್ಧತಿಯಲ್ಲಿ ಮಗುವಿನ ಮನಸ್ಸಿಗೆ ಸ್ಥಾನ ಎಲ್ಲಿ ಎಂದು ದಯವಿಟ್ಟು ಬರೆಯಿರಿ.

ಕೋಲಾರದ ನಿವೃತ್ತ ಮೇಷ್ಟ್ರು | ಬುಧವಾರ, ಸಂಜೆ 5.50

ತಾಯಿ, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಹೆಣ್ಣುಮಕ್ಕಳು ಸುಮಾರು ಹನ್ನೆರಡರಲ್ಲಿ, ಗಂಡುಮಕ್ಕಳು ಸುಮಾರು ಹದಿನಾಲ್ಕರಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಕೈಕಾಲಿನ ಅಳತೆ ಬದಲಾದಾಗ ಕಲಿತದ್ದೂ ಕೆಲವು ತಿಂಗಳು ಹಳಿ ತಪ್ಪಿದಂತೆ ಕಾಣುವುದು ಸಹಜ. ಅದು ಮಗುವಿನ ಆಲಸ್ಯವಲ್ಲ. ಆ ಅವಧಿಯಲ್ಲಿ ಭಾರ ಕಡಿಮೆ ಮಾಡಿ, ಸರಳ ಚಲನೆಗಳಿಗೆ ಹಿಂದಿರುಗಿ, ‘ಇದು ಬೆಳೆಯುವ ಕಾಲ, ಸರಿಹೋಗುತ್ತದೆ’ ಎಂದು ಮಗುವಿಗೂ ಮನೆಯವರಿಗೂ ಹೇಳುವುದು ಕಲಿಸುವವನ ಕರ್ತವ್ಯ. ಇದು ನನಗೂ ತಡವಾಗಿ ತಿಳಿದದ್ದು. ಎಷ್ಟು ಮಕ್ಕಳನ್ನು ‘ಮೈಗಳ್ಳರು’ ಎಂದು ಗದರಿಸಿದ್ದೆನೋ ಎಂದು ಈಗ ನೆನೆದರೆ ಸಂಕಟವಾಗುತ್ತದೆ.

ತಿದ್ದುವಾಗ ಮಾಡಿದ ಕೆಲಸದ ಬಗ್ಗೆ ಮಾತನಾಡಬೇಕು, ಮಾಡಿದವಳ ಬಗ್ಗೆ ಅಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಕೈ ಹಿಡಿದು, ಸೊಂಟ ಹಿಡಿದು ಭಂಗಿ ತಿದ್ದುವ ಹಳೆಯ ಅಭ್ಯಾಸವನ್ನು ನಾವು ಗಂಡು ಶಿಕ್ಷಕರು ಹೆಣ್ಣುಮಕ್ಕಳ ವಿಷಯದಲ್ಲಿ ಪೂರ್ತಿ ಬಿಡಬೇಕು. ಮುಟ್ಟಿಯೇ ತೋರಿಸಬೇಕಾದಲ್ಲಿ ಹಿರಿಯ ಆಟಗಾರ್ತಿಯಿಂದ, ಮಗುವನ್ನು ಕೇಳಿ, ಎಲ್ಲರೂ ಇರುವಾಗ ಮಾಡಿಸಬೇಕು. ಅಲ್ಲದೆ ನಾವು ಕೈ ಹಿಡಿದು ಮಾಡಿಸಿದ ಚಲನೆಯಲ್ಲಿ ಬಲ ನಮ್ಮದಾಗಿರುತ್ತದೆ. ಮಗುವಿಗೆ ತನ್ನ ಬಲದ ಅಂದಾಜು ಸಿಗುವುದಿಲ್ಲ.

ತಿಪಟೂರಿನವರು ಹೇಳಿದ ಕಿಟಕಿಯ ಮಾತು ನನಗೆ ಬಹಳ ಹಿಡಿಸಿತು, ಏಕೆಂದರೆ ತಿಳಿಯದೆಯೇ ನಾನೂ ಅದನ್ನು ಮಾಡಿದ್ದೇನೆ. ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗನಿಗೆ ಜಾವೆಲಿನ್ ಕಲಿಸುವಾಗ ಮೊಣಕೈ, ಭುಜ, ಸೊಂಟ ಎಂದು ಎಷ್ಟು ವಿವರಿಸಿದರೂ ಅವನು ಬರೀ ತೋಳಿನಿಂದ ಎಸೆಯುತ್ತಿದ್ದ. ಕೊನೆಗೆ ‘ಹೊಲ ಕಾಯುವಾಗ ಕವಣೆ ಬೀಸುತ್ತೀಯಲ್ಲ, ಹಾಗೆ ಕೈ ಕೊನೆಗೆ ಬರಲಿ’ ಎಂದೆ. ಅವನು ಒಮ್ಮೆ ಕಣ್ಣು ಮುಚ್ಚಿ, ಬರಿಗೈಯಲ್ಲಿ ಬೀಸಿ ನೋಡಿಕೊಂಡ. ಮುಂದಿನ ಎಸೆತದಲ್ಲಿ ಮೊದಲು ಸೊಂಟ ತಿರುಗಿತು, ತೋಳು ಹಿಂದಿನಿಂದ ಬಂದಿತು.

ತುಮಕೂರು ಬಿ.ಪಿ.ಇಡಿ. ವಿದ್ಯಾರ್ಥಿನಿ | ಬುಧವಾರ, ರಾತ್ರಿ 8.20

ಗುರುಗಳೇ, ನಿಮ್ಮ ಕವಣೆಯನ್ನೇ ಹೋಲುವ ಪ್ರಯೋಗ ನಮ್ಮ ಪಾಠದಲ್ಲಿದೆ. 2001ರಲ್ಲಿ ಲಿಯಾವ್ ಮತ್ತು ಮಾಸ್ಟರ್ಸ್ ಟೇಬಲ್ ಟೆನಿಸ್‌ನ ಹೊಡೆತವನ್ನು ಒಂದು ಗುಂಪಿಗೆ ನಿಯಮಗಳ ಪಟ್ಟಿಯಾಗಿ, ಇನ್ನೊಂದಕ್ಕೆ ಲಂಬಕೋನ ತ್ರಿಕೋನವೊಂದರ ಹೋಲಿಕೆಯಾಗಿ ಕಲಿಸಿದರು. ಹೋಲಿಕೆಯಿಂದ ಕಲಿತವರು ನಿಯಮಗಳನ್ನು ಬಾಯಿಬಿಟ್ಟು ಹೇಳಲಾರದವರಾಗಿದ್ದರೂ, ಏಕಕಾಲಕ್ಕೆ ಇನ್ನೊಂದು ಕೆಲಸ ಕೊಟ್ಟಾಗ ಅವರ ಹೊಡೆತ ಕೆಡಲಿಲ್ಲ. ನಮ್ಮ ಮಕ್ಕಳಿಗೆ ತ್ರಿಕೋನಕ್ಕಿಂತ ಕವಣೆಯೇ ಹತ್ತಿರ.

ಶಿರಾದ ಅಮ್ಮ, ನಿಮ್ಮ ಮಗಳಿಗೆ ತಂಡವೇ ಬೇಕೆಂದಿಲ್ಲ. ಅವಳು ಒಪ್ಪಿದರೆ, ಮೊದಲು ಒಬ್ಬ ಗೆಳತಿಯ ಜೊತೆ, ಯಾರೂ ನೋಡದ ಕಡೆ, ಹದಿನೈದು ನಿಮಿಷ ಆಡಲಿ.

ಗೌರಿಬಿದನೂರು ಕಬಡ್ಡಿ | ಗುರುವಾರ, ಬೆಳಿಗ್ಗೆ 7.05

ಚಿಕ್ಕ ಆಟದ ಬಗ್ಗೆ ಕಬಡ್ಡಿಯಿಂದ ಒಂದು ಉದಾಹರಣೆ. ರೈಡ್‌ಗೆ ಮೂವತ್ತು ಸೆಕೆಂಡು ಇರುತ್ತದೆ. ನಾನು ಅಭ್ಯಾಸದಲ್ಲಿ ಒಂದು ದಿನ ಹದಿನೈದಕ್ಕೆ ಇಳಿಸುತ್ತೇನೆ, ಇನ್ನೊಂದು ದಿನ ಅಂಕಣದ ಅಗಲದಲ್ಲಿ ಅರ್ಧವನ್ನು ಮಾತ್ರ ಬಿಡುತ್ತೇನೆ. ‘ಬೇಗ ಟೋ ಟಚ್ ಮಾಡು’ (ಕಾಲ್ಬೆರಳಿನಿಂದ ಎದುರಾಳಿಯನ್ನು ಮುಟ್ಟು) ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ, ಜಾಗವೂ ಗಡಿಯಾರವೂ ಅದನ್ನು ಹೇಳುತ್ತವೆ. ಹಿಡಿಯುವವರಿಗೆ ಮೂವರೇ ಇರುವಂತೆ ಮಾಡಿದರೆ ಮೂವರು ಇಲ್ಲವೇ ಇನ್ನೂ ಕಡಿಮೆ ಜನ ರೈಡರನ್ನು ಹಿಡಿಯುವ ಸೂಪರ್ ಟ್ಯಾಕಲ್‌ನ ಸನ್ನಿವೇಶ ತಾನಾಗಿ ಬರುತ್ತದೆ, ಸಾಲಿನ ತುದಿಯ ಕಾರ್ನರ್‌ನವನು ಒಳಬದಿಯ ಕವರ್‌ನವನಿಗಾಗಿ ಕಾಯುವುದನ್ನು ಕಲಿಯುತ್ತಾನೆ. ಆದರೆ ಹೊಸಬರಿಗೆ ರೈಡರ್‌ನ ಕಾಲಗಂಟು ಹಿಡಿಯುವ ಆಂಕಲ್ ಹೋಲ್ಡ್‌ನ ಹಿಡಿತವನ್ನು ಮೊದಲು ನಿಂತಲ್ಲೇ, ನಿಧಾನವಾಗಿ ಕಲಿಸದೆ ಇಂಥ ಆಟಕ್ಕೆ ಬಿಡಬೇಡಿ. ಬೆರಳು, ಮಣಿಕಟ್ಟು ಮುರಿಯುವುದು ಅಲ್ಲಿಯೇ. ಮೇಷ್ಟ್ರ ಮೊದಲ ಮಾತಿಗೆ ಈ ವಿಷಯದಲ್ಲಿ ನನ್ನ ಪೂರ್ಣ ಸಮ್ಮತಿ ಇದೆ.

ಕೊರಟಗೆರೆ ದೈಹಿಕ ಶಿಕ್ಷಕ | ಮೂರು ವಾರಗಳ ನಂತರ, ಶನಿವಾರ ಸಂಜೆ

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮೆ ಇರಲಿ. ಮಾಡಿ ನೋಡಿ ಆಮೇಲೆ ಬರೆಯೋಣ ಎಂದುಕೊಂಡಿದ್ದೆ.

ಸಾಲಿನ ಖೊ ಅಭ್ಯಾಸವನ್ನು ಮೈ ಬಿಸಿ ಮಾಡುವ ಐದು ನಿಮಿಷಕ್ಕೆ ಇಳಿಸಿದೆ. ಅಲ್ಲಿಯೂ ಮಧ್ಯೆ ಮಧ್ಯೆ ಒಬ್ಬರನ್ನು ಬಿಟ್ಟು ಮುಂದಿನವರಿಗೆ ಕೊಡಬೇಕೆಂಬ ನಿಯಮ ಮಾಡಿದೆ, ಕಾಯದೆ ಎದ್ದವರು ತಕ್ಷಣ ಎಲ್ಲರ ಕಣ್ಣಿಗೂ ಬೀಳತೊಡಗಿದರು. ಉಳಿದ ಹೊತ್ತಿನಲ್ಲಿ ನಾಲ್ಕು ಚೌಕದ ಆಟ. ಮೊದಲ ವಾರ ವಿದ್ಯಾರ್ಥಿನಿಯವರು ಹೇಳಿದ್ದಂತೆಯೇ ಎಲ್ಲವೂ ಕೆಟ್ಟಿತು. ನಮ್ಮ ಮುಖ್ಯ ಶಿಕ್ಷಕರು ಒಂದು ಬೆಳಿಗ್ಗೆ ಬಂದು ನೋಡಿ, ‘ಮೊದಲು ಚೆನ್ನಾಗಿ ಆಡುತ್ತಿದ್ದರಲ್ಲ ಮೇಷ್ಟ್ರೇ’ ಎಂದರು. ಹಿಂದಿನ ಕ್ರಮಕ್ಕೆ ಮರಳಿಬಿಡೋಣವೇ ಎಂದು ಎರಡು ರಾತ್ರಿ ಯೋಚಿಸಿದೆ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಬಾಯಿ ಕಟ್ಟಿಕೊಳ್ಳುವುದು. ಕೊನೆಗೆ ಜೇಬಿನಲ್ಲಿ ಐದು ಹುಣಸೆ ಬೀಜ ಇಟ್ಟುಕೊಂಡು, ಒಂದೊಂದು ಆಟಕ್ಕೆ ಒಂದನ್ನು ಇನ್ನೊಂದು ಜೇಬಿಗೆ ಹಾಕುತ್ತಾ, ಐದೂ ದಾಟಿದ ಮೇಲೆ ಮಾತ್ರ ಮಾತನಾಡುವುದೆಂದು ನೇಮ ಮಾಡಿಕೊಂಡೆ. ಮಕ್ಕಳು ಮೊದಲ ದಿನ ಪ್ರತಿ ಆಟ ಮುಗಿದ ಕೂಡಲೇ ನನ್ನ ಮುಖ ನೋಡುತ್ತಿದ್ದರು. ಎರಡನೆಯ ವಾರದ ಹೊತ್ತಿಗೆ ತಮ್ಮತಮ್ಮಲ್ಲೇ ಮಾತನಾಡತೊಡಗಿದರು. ‘ನೀನು ಆರನೆಯವಳಿಗೆ ಕೊಡಬೇಕಿತ್ತು ಕಣೇ, ಅವಳಾಗಲೇ ದಾಟಿದ್ದಳು’ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುವುದನ್ನು ಕೇಳಿದಾಗ ನನಗಾದ ಸಮಾಧಾನವನ್ನು ಇಲ್ಲಿ ಹೇಳಿ ಮುಗಿಸಲಾರೆ.

ನಿನ್ನೆ ಪಕ್ಕದ ಊರಿನ ಶಾಲೆಯ ತಂಡದೊಂದಿಗೆ ಸ್ನೇಹಪಂದ್ಯ ಆಡಿಸಿದೆವು. ಸೋತೆವು, ಆದರೆ ಮುಂಚೆ ಎದ್ದ ತಪ್ಪು ಇಡೀ ಪಂದ್ಯದಲ್ಲಿ ಎರಡೇ ಸಲ ಆಯಿತು. ದಿಕ್ಕಿನ ತಪ್ಪು ಇನ್ನೂ ಉಳಿದಿದೆ. ಎದುರಾಳಿ ಓಟಗಾರ್ತಿಯರು ಕಂಬದ ಹತ್ತಿರವೇ ಸುತ್ತುಸುತ್ತಾಗಿ ‘ರಿಂಗ್’ ಓಡುತ್ತಾ ಹೊತ್ತು ಕಳೆದರು. ಕಂಬ ಹಿಡಿದು ಮೈಯನ್ನು ಹೊರಕ್ಕೆ ಚಾಚಿ ಓಟಗಾರ್ತಿಯನ್ನು ಮುಟ್ಟುವ ಪೋಲ್ ಡೈವ್ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ನಮ್ಮ ಮೈದಾನ ಗಟ್ಟಿ ಕೆಮ್ಮಣ್ಣಿನದು, ಒಬ್ಬಳು ಹಿಂದೆ ಬಿದ್ದು ಮೊಣಕೈ ಕಿತ್ತುಕೊಂಡಿದ್ದರಿಂದ ಎಲ್ಲರಿಗೂ ಹೆದರಿಕೆ. ಇದನ್ನು ಎಲ್ಲಿಂದ ಶುರು ಮಾಡಲಿ?

ತುಮಕೂರು ಬಿ.ಪಿ.ಇಡಿ. ವಿದ್ಯಾರ್ಥಿನಿ | ಶನಿವಾರ, ರಾತ್ರಿ 9.45

ಸರ್, ಇದನ್ನು ಕೊನೆಯಿಂದ ಹಿಂದಕ್ಕೆ ಕಲಿಸಿ. ಹೆದರಿಕೆ ಇರುವುದು ಕೊನೆಯ ಕ್ಷಣದ ಬಗ್ಗೆ, ಓಟದ ಬಗ್ಗೆ ಅಲ್ಲ. ಆದ್ದರಿಂದ ಕೊನೆಯ ಭಂಗಿಯೇ ಮೊದಲು ಪರಿಚಿತವಾಗಲಿ. ಕಂಬದ ಬುಡದಲ್ಲಿ ಒಂದು ಪಾದವನ್ನು ಒತ್ತಿ ನಿಂತು, ಕಂಬವನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ದೇಹವನ್ನು ನಿಧಾನವಾಗಿ ಹೊರಕ್ಕೆ ಬಿಟ್ಟು, ಇನ್ನೊಂದು ಕೈಯಿಂದ ನೆಲದ ಮೇಲಿಟ್ಟ ಟೋಪಿಯನ್ನು ಮುಟ್ಟಲಿ. ಓಟ ಬೇಡ. ಟೋಪಿಯನ್ನು ದಿನಕ್ಕೆ ಒಂದು ಗೇಣು ದೂರ ಸರಿಸಿ. ಅದು ಸಲೀಸಾದ ಮೇಲೆ ಎರಡು ಹೆಜ್ಜೆ ನಡೆದು ಬಂದು ಹಿಡಿಯುವುದು, ಆಮೇಲೆ ನಾಲ್ಕು ಹೆಜ್ಜೆ ಓಡಿ ಬಂದು ಹಿಡಿಯುವುದು, ಕಡೆಗೆ ಟೋಪಿಯ ಜಾಗದಲ್ಲಿ ನಿಧಾನವಾಗಿ ಓಡುವ ಗೆಳತಿ. ಒಬ್ಬೊಬ್ಬಳೂ ತಾನು ಯಾವ ಹೆಜ್ಜೆಯಲ್ಲಿದ್ದೇನೆಂದು ತಾನೇ ಹೇಳಲಿ. ಇನ್ನೊಬ್ಬಳು ಮುಂದೆ ಹೋದಳೆಂದು ಯಾರನ್ನೂ ದೂಡಬೇಡಿ.

ನೆಲಕ್ಕೆ ಮ್ಯಾಟ್ ಸಿಗದಿದ್ದರೆ ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ ಹೊಲಿದು ಹಾಸಿ. ಒಣಹುಲ್ಲು ಎರಡು ವಾರದಲ್ಲಿ ಪುಡಿಯಾಗುತ್ತದೆ, ನಾರು ಬಹಳ ದಿನ ಬಾಳುತ್ತದೆ.

ತಿಪಟೂರು ವಾಲಿಬಾಲ್ | ಶನಿವಾರ, ರಾತ್ರಿ 10.10

ನಾರಿನ ಚಿಂತೆ ಬಿಡಿ ಸರ್. ಇಲ್ಲಿ ನಮ್ಮ ಹುಡುಗರ ಮನೆಗಳಲ್ಲೇ ಬೇಕಾದಷ್ಟಿದೆ. ಮಂಗಳವಾರ ತುಮಕೂರಿಗೆ ಬರುವವನಿದ್ದೇನೆ, ನಾಲ್ಕು ಚೀಲ ಹಾಕಿಕೊಂಡು ಬರುತ್ತೇನೆ. ಬಸ್ ನಿಲ್ದಾಣದ ಹತ್ತಿರ ಬಂದು ತೆಗೆದುಕೊಂಡು ಹೋಗಿ.